ಬೇತಮಂಗಲದ ಕತ್ತಲಿಗೆ ಎಷ್ಟು ಬೆಳಕು

2025, ಜನವರಿ 5, ಭಾನುವಾರ
ಉರಿಗಾಂ

ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಹಳೆ ಪಂಚೆ ತುರುಕಿ ಕೂತೆ. ಮೇಜಿನ ಮೇಲೆ ಮೂರು ಲೂರ್, ಗಾಳಕ್ಕೆ ಕಟ್ಟುವ ಹುಸಿ ಎರೆಗಳು. ಒಂದು, ಬಹಳ ಹಿಂದೆ ಚೆನ್ನೈನಿಂದ ತಂದ ಪ್ಲಾಸ್ಟಿಕ್ ಮೀನು. ಅದರ ಬೆಣ್ಣೆ ಬಣ್ಣ ಈಗ ಮಾಸಿದೆ. ಇನ್ನೊಂದು ಹೊಸ ರಬ್ಬರ್ ಕಪ್ಪೆ, ಬೆನ್ನು ಕಂದು, ಹೊಟ್ಟೆ ಬಿಳಿ. ಮೂರನೆಯದು ಗಿಣಿಹಸಿರು ಬಳಿದ ಲೋಹದ ಚಮಚ. ಅದರ ಪೊಟ್ಟಣದ ಮೇಲೆ ‘ಯುವಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ನೇರಳಾತೀತ ಟಾರ್ಚ್ ಹಾಯಿಸಿದಾಗ ಮೂರರಲ್ಲೂ ಜೋರಾಗಿ ಉರಿದದ್ದು ಈ ಚಮಚವೇ. ಟಾರ್ಚ್ ಆರಿಸಿದ ಕ್ಷಣ ಅದು ಮಾಯ. ಮೇಜಿನ ಮೇಲೆ ಎಲ್ಲಿದೆ ಎಂದು ಕೈಯಾಡಿಸಿ ಹುಡುಕಬೇಕಾಯಿತು. ಪ್ಲಾಸ್ಟಿಕ್ ಮೀನು ತಿಳಿಹಸಿರಾಗಿ ಬೆಳಗುತ್ತಿತ್ತು, ನೋಡನೋಡುತ್ತ ಸೊರಗಿತು. ಕಪ್ಪೆಯ ಹೊಟ್ಟೆಯ ಬೆಳಕಿನಲ್ಲಿ ಮಾತ್ರ ನನ್ನ ಬೆರಳ ತುದಿಯ ಗೆರೆಗಳು ಕಾಣುತ್ತಿದ್ದವು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರೂ ಅದು ಅಲ್ಲೇ ಇತ್ತು, ಕೊಂಚ ಇಳಿದಿತ್ತು ಅಷ್ಟೆ.

ಮೂರೂ ಮೂರು ಜಾತಿ. ಚಮಚದ ಬಣ್ಣ ಕಾಣದ ಕಿರಣವನ್ನು ನುಂಗಿ ಕಾಣುವ ಬೆಳಕಾಗಿ ಆಗಿಂದಾಗಲೇ ಉಗುಳಿಬಿಡುತ್ತದೆ, ಏನನ್ನೂ ಕೂಡಿಡುವುದಿಲ್ಲ. ಪ್ಲಾಸ್ಟಿಕ್ ಮೀನಿನದು ಹಳೇ ಕಾಲದ ಸತುವಿನ ಸಲ್ಫೈಡ್, ಒಳಗೆ ತಾಮ್ರದ ಲವಲೇಶ. ಕಪ್ಪೆಯದು ಸ್ಟ್ರಾನ್ಷಿಯಂ ಅಲ್ಯುಮಿನೇಟ್, ಅದಕ್ಕೆ ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಎಂಬ ವಿರಳ ಲೋಹಗಳ ಚಿಟಿಕೆ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಸಾಧಿಸಿದ ಪುಡಿ. ಕಿರಣ ಬಿದ್ದಾಗ ಯುರೋಪಿಯಂನಿಂದ ಎದ್ದ ಎಲೆಕ್ಟ್ರಾನುಗಳು ಹರಳಿನೊಳಗಿನ ಬೋನುಗಳಲ್ಲಿ ಸಿಕ್ಕಿಬೀಳುತ್ತವೆ. ಸುತ್ತಲಿನ ಬಿಸುಪು ಅವುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುತ್ತದೆ. ಮರಳಿ ಬರುವ ಪ್ರತಿಯೊಂದೂ ಒಂದು ಹಸಿರು ಕಿಡಿ ಕೊಡುತ್ತದೆ. ಬೋನುಗಳೆಲ್ಲ ತುಂಬಿದ ಮೇಲೆ ಎಷ್ಟು ಹೊತ್ತು ಟಾರ್ಚ್ ಹಿಡಿದರೂ ಪ್ರಯೋಜನವಿಲ್ಲ. ಕಪ್ಪೆಗೆ ಕೆಲವು ಸೆಕೆಂಡು ಸಾಕಾಗುತ್ತದೆ. ಅದೇ ಕಪ್ಪೆಯನ್ನು ಟ್ಯೂಬ್‌ಲೈಟ್ ಕೆಳಗಿಟ್ಟರೆ ಹತ್ತು ನಿಮಿಷವಾದರೂ ಬೇಕು.

ಬೆಳಕು ಇಳಿಯುವ ರೀತಿ ನನಗೆ ಹೆಚ್ಚು ಮುಖ್ಯ. ಮೊದಮೊದಲು ದಡದಡ ಇಳಿಯುತ್ತದೆ, ಆಮೇಲೆ ತಡೆತಡೆದು. ಒಂದು ನಿಮಿಷಕ್ಕೆ ಇದ್ದದ್ದು ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಬಂದಿರುತ್ತದೆ. ಆ ಹತ್ತನೇ ಒಂದು ಮಾತ್ರ ಬೇಗ ಸಾಯುವುದಿಲ್ಲ. ಮೀನಿಗೆ ಬೇಕಾದದ್ದು ಇದರಲ್ಲಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಗಾಳದವರೆಲ್ಲ ಜೋರು ಬೆಳಕಿನ ಹಿಂದೆ ಬಿದ್ದಿದ್ದಾರೆ.

ಜನವರಿ 11, ಶನಿವಾರ
ಬಂಗಾರಪೇಟೆ

ಎರಡನೇ ಶನಿವಾರದ ರಜೆ. ಹಳೇ ಟಾರ್ಚಿನ ಗುಂಡಿ ಸಡಿಲವಾಗಿದೆ, ಹೊಸದು ನೋಡೋಣ ಎಂದು ಬಜಾರಿಗೆ ಹೋದೆ. ಅಂಗಡಿಯವನ ಗಲ್ಲಾದ ಪಕ್ಕದಲ್ಲೇ ನೋಟು ಪರೀಕ್ಷೆಯ ನೇರಳಾತೀತ ದೀಪವಿತ್ತು. ಅದರಡಿ ಐನೂರರ ನೋಟು ಇಟ್ಟು ತೋರಿಸಿದ: ಸಂಖ್ಯೆಗಳು ಮಿನುಗಿದವು, ಕಾಗದದೊಳಗಿನ ಸಣ್ಣ ಎಳೆಗಳು ಎದ್ದು ಕಂಡವು, ಭದ್ರತಾ ದಾರವೂ ಬೆಳಗಿತು. ದೀಪ ಆರಿಸಿದ, ಎಲ್ಲ ಸಪ್ಪೆ. ಜೇಬಿನಲ್ಲಿದ್ದ ಕಪ್ಪೆಯನ್ನು ನಾನು ಅಲ್ಲೇ ಇಟ್ಟೆ. ದೀಪ ಆರಿದ ಮೇಲೂ ಅದು ಗಲ್ಲಾದ ನೆರಳಿನಲ್ಲಿ ಹಸಿರಾಗಿ ಕೂತಿತ್ತು. ಅವನ ಮಗ, ಆರನೆಯದೋ ಏಳನೆಯದೋ ಓದುತ್ತಾನೆ, “ಇದು ರೇಡಿಯಮ್ಮಾ ಅಂಕಲ್? ಮುಟ್ಟಿದ್ರೆ ಕ್ಯಾನ್ಸರ್ ಬರುತ್ತಾ?” ಎಂದ.

ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ನೂರು ವರ್ಷದ ಹಿಂದೆ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ರೇಡಿಯಂ ಮತ್ತು ಸತುವಿನ ಸಲ್ಫೈಡ್ ಬೆರೆಸಿದ ಬಣ್ಣವನ್ನು ಅಂಕಿಗಳಿಗೆ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡೇ ಮೂಳೆ ಕೊಳೆತು ಸತ್ತರು. ಆ ಬಣ್ಣ ಹಗಲು ರಾತ್ರಿ ತನ್ನಷ್ಟಕ್ಕೆ ಬೆಳಗುತ್ತಿತ್ತು, ಏಕೆಂದರೆ ರೇಡಿಯಂ ಅದಕ್ಕೆ ಎಡೆಬಿಡದೆ ಪೆಟ್ಟು ಕೊಡುತ್ತಿತ್ತು. ಕಪ್ಪೆಯಲ್ಲಿ ರೇಡಿಯಂ ಇಲ್ಲ, ವಿಕಿರಣವೂ ಇಲ್ಲ. ಇದಕ್ಕೆ ನಾವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಹುಡುಗನಿಗೆ ಇಷ್ಟು ಹೇಳಿ, ಅದಕ್ಕಿಂತ ಈ ಟಾರ್ಚಿನ ಬಾಯನ್ನು ಕಣ್ಣಿಗೆ ಹಿಡಿಯಬೇಡ, ಅಪಾಯ ಇರುವುದು ಅಲ್ಲಿ ಎಂದೆ. ನೇರಳಾತೀತ ಕಣ್ಣಿಗೆ ಮಂದವಾಗಿ ಕಾಣುವುದರಿಂದ ಕಣ್ಣು ಕಿರಿದಾಗುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ. ಪೆಟ್ಟು ಮಾತ್ರ ಬೀಳುತ್ತಲೇ ಇರುತ್ತದೆ.

365 ನ್ಯಾನೊಮೀಟರಿನ ಟಾರ್ಚಿಗೆ ಬೆಲೆ ಜಾಸ್ತಿ, 395ರದ್ದು ಅಗ್ಗ. 395ರದ್ದೇ ತೆಗೆದುಕೊಂಡೆ. ಈ ಪುಡಿ ನೀಲಿಯವರೆಗಿನ ಬೆಳಕನ್ನೂ ಕುಡಿಯುತ್ತದೆ, ಆದ್ದರಿಂದ ಗಾಳದ ಕೆಲಸಕ್ಕೆ 365 ಬೇಕಿಲ್ಲ. ಹೊರಡುವ ಮುಂಚೆ ಪಾನಿಪುರಿ. ಬಣ್ಣವೇ ಇಲ್ಲದ ನೀರಿನಲ್ಲಿ ಅಷ್ಟು ಖಾರ ತುಂಬುವ ಗುಟ್ಟು ಈ ಊರಿಗೇ ಗೊತ್ತು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಹುಣ್ಣಿಮೆ ಬೆನ್ನಿಗೇ ಬಂದ ಹಬ್ಬ, ಕೆರೆಯ ಮೇಲೆಲ್ಲ ಬೆಳದಿಂಗಳು. ಗಾಳ ಮುಟ್ಟಲಿಲ್ಲ. ಅಪ್ಪ ಕಬ್ಬು ಸುಲಿಯುತ್ತ ಜಗುಲಿಯಲ್ಲಿ ಕೂತಿದ್ದವರು ನನ್ನ ಟಾರ್ಚು, ಕಪ್ಪೆ ನೋಡಿ ಲ್ಯಾಂಪ್ ರೂಮಿನ ಮಾತು ತೆಗೆದರು.

ಅವರು ದುಡಿದ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಶಿಫ್ಟ್ ಮುಗಿಸಿ ಮೇಲೆ ಬಂದವರು ತಲೆಯ ದೀಪ, ಸೊಂಟದ ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕಿ ಮನೆಗೆ ಹೋಗಬೇಕಿತ್ತು. ಮಾರನೆಯ ದಿನ ಟೋಕನ್ ಕೊಟ್ಟು ಅದೇ ದೀಪ ಪಡೆಯಬೇಕಿತ್ತು. “ಕೆಳಗೆ ಇಳಿದ ಮೇಲೆ ಬೆಳಕು ಸಿಗೋದಿಲ್ಲ, ಮೇಲಿಂದ್ಲೇ ಹೊತ್ಕೊಂಡು ಹೋಗ್ಬೇಕು” ಎಂದರು. ಶಿಫ್ಟ್ ಮುಗಿದ ಮೇಲೂ ದೀಪದ ಜಾಗ ಖಾಲಿ ಉಳಿದಿದ್ದರೆ ಆ ಮನುಷ್ಯ ಕೆಳಗೇ ಉಳಿದಿದ್ದಾನೆ ಎಂದು ಅರ್ಥ. ಅವರ ಅಜ್ಜನ ಕಾಲಕ್ಕೆ ಮೇಣದ ಬತ್ತಿ, ಆಮೇಲೆ ಕಾರ್ಬೈಡ್. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಈ ಊರಿಗೆ ಬಂದದ್ದು 1902ರಲ್ಲಿ. ಬೆಂಗಳೂರು ಅದನ್ನು ನೋಡಿದ್ದು 1905ಕ್ಕೆ. ದೇಶಕ್ಕೇ ಮೊದಲು ಬೆಳಗಿದ ಊರುಗಳ ಸಾಲಿನಲ್ಲಿ ನಮ್ಮದೂ ಇದೆ. ಅಷ್ಟಾದರೂ ಗಣಿಯೊಳಗಿನ ಕತ್ತಲೆಗೆ ಆಳು ತನ್ನ ಹಣೆಯ ಮೇಲಿನ ದೀಪವನ್ನೇ ನಂಬಬೇಕಿತ್ತು.

ಮಾತಿನ ನಡುವೆ ಒಳಗೆ ಹೋಗಿ ಬೀರುವಿನಿಂದ ಒಂದು ಬೆಣಚುಕಲ್ಲು ತಂದರು. ಬೂದುಬಿಳುಪು, ಒಂದು ಮೂಲೆಯಲ್ಲಿ ಜೇನುಬಣ್ಣದ ಮಚ್ಚೆ. ಅದು ಷೀಲೈಟ್ ಇರಬೇಕು ಎಂದು ಬಹಳ ಹಿಂದೆ ಸರ್ವೆಯವರೊಬ್ಬರು ಹೇಳಿದ್ದರಂತೆ. ಟಂಗ್‌ಸ್ಟನ್ನಿನ ಅದಿರು, ಕೋಲಾರದ ಚಿನ್ನದ ಬೆಣಚಿನಲ್ಲಿ ಅಲ್ಲಲ್ಲಿ ಸಿಗುತ್ತದೆ. ನೇರಳಾತೀತ ಬಿದ್ದರೆ ನೀಲಿಬಿಳುಪಾಗಿ ಹೊಳೆಯುವುದು ಅದರ ಗುರುತು, ಭೂವಿಜ್ಞಾನಿಗಳು ಕತ್ತಲಲ್ಲಿ ದೀಪ ಹಿಡಿದೇ ಅದನ್ನು ಹುಡುಕುತ್ತಾರೆ. ನನ್ನ ಟಾರ್ಚ್ ಹಿಡಿದೆ. ಕಲ್ಲು ಮಂಕಾಗಿ ನೇರಳೆ ಬಣ್ಣವನ್ನಷ್ಟೇ ತಿರುಗಿಸಿತು. ಷೀಲೈಟಿಗೆ 254 ನ್ಯಾನೊಮೀಟರಿನ ಹ್ರಸ್ವ ಅಲೆ ಬೇಕು, 395ಕ್ಕೆ ಅದು ಬಾಯಿ ಬಿಡುವುದಿಲ್ಲ. ಅಪ್ಪನಿಗೆ ವಿವರಿಸಿದೆ. ಸರಿ, ಆ ದೀಪ ಸಿಕ್ಕ ದಿನ ನೋಡೋಣ ಎಂದು ಕಲ್ಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

ಜನವರಿ 22, ಬುಧವಾರ
ರೈಲಿನಲ್ಲಿ

ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿ ಉರಿಗಾಂ ತಲುಪುವ ಹೊತ್ತಿಗೇ ಕಾಲಿಡಲು ಜಾಗವಿರುವುದಿಲ್ಲ. ಚಿನ್ನ ಸಾಗಿಸಲು 1894ರಲ್ಲಿ ಹಾಕಿದ ಈ ಕವಲು ಹಳಿಯಲ್ಲಿ ಈಗ ದಿನವೂ ಸಾಗುವುದು ನಾವು, ಬೆಂಗಳೂರಿನ ಕೂಲಿಗೆ. ಬಂಗಾರಪೇಟೆ ದಾಟಿದ ಮೇಲೆ ಕಿಟಕಿ ಪಕ್ಕ ಸಿಕ್ಕಿತು. ಬೊಲೊನಾ ಕಲ್ಲಿನ ಬಗ್ಗೆ ಓದುತ್ತಿದ್ದೆ.

1600ರ ಆರಂಭದ ವರ್ಷಗಳು. ಇಟಲಿಯ ಬೊಲೊನಾದಲ್ಲಿ ವಿಂಚೆಂಜೊ ಕಾಶ್ಚಿಯಾರೊಲೊ ಎಂಬ ಚಪ್ಪಲಿ ಹೊಲಿಯುವವನಿಗೆ ರಸವಾದದ ಹುಚ್ಚು. ಪಾದೆರ್ನೊ ಗುಡ್ಡದಲ್ಲಿ ಸಿಕ್ಕ ತೂಕದ ಕಲ್ಲಿನಲ್ಲಿ ಚಿನ್ನವೋ, ಚಿನ್ನ ಮಾಡುವ ಸತ್ವವೋ ಇದೆ ಎಂದು ನಂಬಿ ಇದ್ದಿಲಿನ ಜೊತೆ ಸುಟ್ಟ. ಚಿನ್ನ ಬರಲಿಲ್ಲ. ಬಿಸಿಲಿಗಿಟ್ಟು ಒಳಗೆ ತಂದ ಕಲ್ಲು ಕತ್ತಲೆಯಲ್ಲಿ ಕೆಂಡದ ಬಣ್ಣಕ್ಕೆ ಬೆಳಗಿತು. ಬೇರೈಟ್ ಸುಟ್ಟು ಬೇರಿಯಂ ಸಲ್ಫೈಡ್ ಆಗಿತ್ತು. ಬೆಳಕನ್ನು ತುಂಬಿಸಿಕೊಂಡು ಆಮೇಲೆ ಬಿಡುವ ವಸ್ತುವೊಂದನ್ನು ಯುರೋಪಿನ ಪಂಡಿತರು ಕೈಯಲ್ಲಿ ಹಿಡಿದು ಪರೀಕ್ಷಿಸಿದ್ದು ಆ ಕಲ್ಲಿನಿಂದ. ನನ್ನ ಕಪ್ಪೆಯ ವಂಶ ಅಲ್ಲಿಗೆ ಹೋಗುತ್ತದೆ. ಚಿನ್ನದ ಊರಿನಲ್ಲಿ ಹುಟ್ಟಿದವನಿಗೆ ಈ ಕಥೆ ಎಷ್ಟು ಹತ್ತಿರದ್ದು ಎಂದು ಪಕ್ಕದಲ್ಲಿ ನಿದ್ದೆ ಹೋಗುತ್ತಿದ್ದ ಗೆಳೆಯನಿಗೆ ಹೇಳಬೇಕೆನಿಸಿತು. ಅವನದು ರಾತ್ರಿ ಪಾಳಿಯ ನಿದ್ದೆ, ಎಬ್ಬಿಸಲಿಲ್ಲ.

ಜನವರಿ 29, ಬುಧವಾರ, ಅಮಾವಾಸ್ಯೆ
ಬೇತಮಂಗಲ

ರಜೆ ಹಾಕಿ ಸಂಜೆಗೇ ಕೆರೆ ಮುಟ್ಟಿದೆ. ಮೀನಿನ ಗುತ್ತಿಗೆಯವರ ಹತ್ತಿರ ಕೇಳಿ ಬಂದಿದ್ದೆ. ಬಲೆಯ ಕಡೆ ಹೋಗಬೇಡ, ಹಿಡಿದ ದೊಡ್ಡ ಮೀನು ಬಿಡು ಎಂದಷ್ಟೇ ಷರತ್ತು. ಎರಡೂ ನನಗೆ ಒಪ್ಪಿಗೆ.

ಹಳೇ ಶಾಸನಗಳಲ್ಲಿ ಈ ಊರು ವಿಜಯಾದಿತ್ಯಮಂಗಲ. ಪಾಲಾರಿಗೆ ಅಡ್ಡ ಕಟ್ಟಿದ ಈ ಕೆರೆಯಿಂದಲೇ ಗಣಿಯ ಊರಿಗೆಲ್ಲ ನೀರು ಹರಿಸಿದರು. ನಮ್ಮ ಮನೆಯಲ್ಲಿ ನಲ್ಲಿ ನೀರಿಗೆ ಇವತ್ತಿಗೂ ಬೇತಮಂಗಲದ ನೀರು ಎಂದೇ ಹೆಸರು. ಎಷ್ಟೋ ವರ್ಷ ಇದರ ತಳದಲ್ಲಿ ಜಾಲಿ ಬೆಳೆದು ದನ ಮೇಯುವುದನ್ನು ನೋಡಿದ್ದೇನೆ. 2021ರ ನವೆಂಬರಿನಲ್ಲಿ ಕೋಡಿ ಬಿದ್ದಾಗ ಸುತ್ತಲ ಹಳ್ಳಿಯವರು ಅರಿಸಿನ ಕುಂಕುಮ ಹಿಡಿದು ಬಂದಿದ್ದರು. ಆ ವರ್ಷದಿಂದಲೇ ಕೊರಮೀನು ಮತ್ತೆ ಮಾತಿಗೆ ಬಂದದ್ದು. ಅಪ್ಪ ತಮಿಳಿನಲ್ಲಿ ವಿರಾಲು ಎನ್ನುತ್ತಾರೆ. ಹಾವಿನ ತಲೆ, ಮೈಮೇಲೆ ಚುಕ್ಕೆ ಪಟ್ಟೆ, ನೀರಿನಿಂದ ಮೂತಿ ಹೊರಗಿಟ್ಟು ಗಾಳಿ ಗುಟುಕರಿಸುವ ಮೀನು. ಕಪ್ಪೆ ಕಂಡರೆ ಬಿಡುವುದಿಲ್ಲ.

ನೀರು ಚಹಾದ ಬಣ್ಣ. ಕೈ ಮೊಣಕೈವರೆಗೆ ಅದ್ದಿದರೆ ಬೆರಳು ಕಾಣುವುದಿಲ್ಲ. ಇಂಥ ನೀರು ಮೊದಲು ನುಂಗುವುದು ನೇರಳಾತೀತವನ್ನು, ಆಮೇಲೆ ನೀಲಿಯನ್ನು. ಹಸಿರು ಸ್ವಲ್ಪ ದೂರ ಹೋಗುತ್ತದೆ. ಯುವಿ ಚಮಚಕ್ಕೆ ಇಲ್ಲಿ ರಾತ್ರಿ ಕೆಲಸವೇ ಇಲ್ಲ, ಹಗಲಲ್ಲೂ ಆಳದಲ್ಲಿ ಇಲ್ಲ. ಕಪ್ಪೆಯ ಬೆಳಕು 520 ನ್ಯಾನೊಮೀಟರಿನ ಹಸಿರು. ಮೇಲಿನಿಂದ ತುಂಬಿಸಿಕೊಂಡು ಹೋದದ್ದಷ್ಟೇ ಅದಕ್ಕೆ ಬಂಡವಾಳ. ಅಪ್ಪನ ದೀಪದ ಹಾಗೆಯೇ.

ಚಾರ್ಜ್ ಮಾಡುವುದಕ್ಕೆ ಒಂದು ಸ್ಟೀಲ್ ಡಬ್ಬಿ ಸಿದ್ಧಮಾಡಿದ್ದೇನೆ. ಮುಚ್ಚಳದಲ್ಲಿ ಟಾರ್ಚಿನ ಮೂತಿ ಕೂರುವಷ್ಟು ತೂತು, ಸುತ್ತ ಸೈಕಲ್ ಟ್ಯೂಬಿನ ತುಂಡು, ಒಳಗೋಡೆ ಹಾಗೇ ಕನ್ನಡಿಯಂತೆ ಬಿಟ್ಟದ್ದು. ಕಪ್ಪೆಯನ್ನು ಒಳಗಿಟ್ಟು, ಮುಚ್ಚಿ, ಗುಂಡಿ ಒತ್ತಿ, ಹತ್ತು ಎಣಿಸಿ, ಆರಿಸುವುದು. ಒಂದು ಎಳೆ ಬೆಳಕೂ ಹೊರಗೆ ಬರುವುದಿಲ್ಲ. ಇದು ಮೀನಿಗೋಸ್ಕರ ಎಷ್ಟೋ ನನ್ನ ಕಣ್ಣಿಗೋಸ್ಕರವೂ ಅಷ್ಟೇ. ಕಣ್ಣು ಪೂರ್ತಿ ಕತ್ತಲೆಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು, ಒಂದು ಸಲ ಟಾರ್ಚ್ ನೋಡಿದರೆ ಆ ಅರ್ಧ ಗಂಟೆ ನೀರುಪಾಲು. ದಡದಲ್ಲಿ ಬರೀ ನೇರಳೆ ಟಾರ್ಚ್ ಝಳಪಿಸುತ್ತ ಕೂರುವವರು ಏನನ್ನು ನೋಡುತ್ತಾರೆ? ಇವತ್ತು ನಾನು ಕಂಡದ್ದು: ಏರಿಯ ಮೇಲಿನ ಹುಣಸೆಯ ಆಕಾರ, ನೀರಿನ ಮೇಲೆ ಕೃತ್ತಿಕೆಯ ನಕ್ಷತ್ರ, ಆಪು ಹುಲ್ಲಿನ ಅಂಚಿನಲ್ಲಿ ಮೀನು ಗಾಳಿ ಗುಟುಕರಿಸಿದಾಗ ಎದ್ದ ಬಳೆ.

ಹೊಸದಾಗಿ ತುಂಬಿದ ಕಪ್ಪೆ ಬಿದ್ದ ಕಡೆಯೆಲ್ಲ ಆ ಗುಟುಕು ನಿಂತುಹೋಗುತ್ತಿತ್ತು. ನೀರೊಳಗೆ ಅಂಗೈಯಗಲ ಹಸಿರು ಮೋಡ ಓಡಾಡುತ್ತಿರುವುದು ನನಗೇ ಕಾಣುತ್ತಿತ್ತು. ಸಣ್ಣ ಕೀಟ, ಮರಿಮೀನುಗಳಿಗೆ ಅದು ಹಬ್ಬವಾಗಬಹುದು. ಹುಲ್ಲಿನ ಬುಡದಲ್ಲಿ ಹೊಂಚಿ ಕೂತ ಮೀನಿಗೆ ಅದು ಅಪರಿಚಿತ. ಬೆಳಕು ಇಳಿದ ಮೇಲೆ ಎರಡು ಸಲ ಹಿಂಬಾಲಿಸಿತು, ಕಚ್ಚಲಿಲ್ಲ. ಚಳಿ ಇತ್ತು. ರಾತ್ರಿ ಹನ್ನೊಂದಕ್ಕೆ ಮನೆ.

ಫೆಬ್ರವರಿ 2, ಭಾನುವಾರ

ಮಂಗಳೂರಿನಲ್ಲಿರುವ ಗೆಳೆಯನ ಫೋನ್. ಕಡಲಲ್ಲಿ ಎಲ್‌ಇಡಿ ದೀಪ ಹಚ್ಚಿ ಮೀನು ಹಿಡಿಯುವವರ ಮೇಲೆ ಮತ್ತೆ ಗಲಾಟೆ ಎಂದ. ಕೇಂದ್ರ ಸರ್ಕಾರ 2017ರಲ್ಲೇ ಅದನ್ನು ನಿಷೇಧಿಸಿದೆ. ಸಾವಿರಗಟ್ಟಲೆ ವಾಟ್‌ನ ದೀಪಕ್ಕೆ ಮರಿ ತಾಯಿ ಎನ್ನದೆ ಎಲ್ಲವೂ ಬರುತ್ತವೆ, ಬಲೆ ಎಳೆದರೆ ಮುಂದಿನ ವರ್ಷದ್ದೂ ಇವತ್ತೇ ಮುಗಿಯುತ್ತದೆ. ನಾಡದೋಣಿಯವರ ಸಿಟ್ಟು ನ್ಯಾಯವಾದದ್ದು. ನನ್ನ ಕಪ್ಪೆಗೂ ಅದಕ್ಕೂ ಹೋಲಿಕೆ ಏನು ಎಂದು ಅವನು ಕೇಳಲಿಲ್ಲ, ನಾನೇ ಯೋಚಿಸಿದೆ. ಒಂದು ದಾರ, ಒಂದು ಮುಳ್ಳು, ಮುಳ್ಳಿನ ಕೊಕ್ಕೆ ಚಪ್ಪಟೆ ಮಾಡಿದ್ದು, ಬಿಡುವುದಕ್ಕೆಂದೇ ಹಿಡಿಯುವುದು. ಇಷ್ಟನ್ನು ಕಾಪಾಡಿಕೊಳ್ಳುವುದಾದರೆ ಬೆಳಕು ಬಳಸುವುದು ಸರಿ. ಇನ್ನೂ ಜೋರು, ಇನ್ನೂ ಜೋರು ಎನ್ನುವ ಆಸೆ ಮಾತ್ರ ಕಡಲಲ್ಲೂ ಕೆರೆಯಲ್ಲೂ ಒಂದೇ.

ಫೆಬ್ರವರಿ 9, ಭಾನುವಾರ

ಅಮ್ಮನಿಂದ ಎರಡು ಪಾತ್ರೆ ಪಡೆದೆ. ಒಂದರಲ್ಲಿ ಐಸ್ ಹಾಕಿದ ನೀರು, ಇನ್ನೊಂದರಲ್ಲಿ ಸ್ನಾನಕ್ಕೆ ಕಾಯಿಸಿದ್ದು. ಒಂದೇ ಬಗೆಯ ಎರಡು ಕಪ್ಪೆಗಳನ್ನು ಒಟ್ಟಿಗೇ ಡಬ್ಬಿಯಲ್ಲಿ ತುಂಬಿಸಿ, ಒಂದೊಂದನ್ನು ಒಂದೊಂದು ಪಾತ್ರೆಗೆ ಬಿಟ್ಟೆ. ಬಿಸಿನೀರಿನದು ತಟ್ಟನೆ ಉಬ್ಬಿ ಬೆಳಗಿತು, ಪಾತ್ರೆಯ ತಳವೆಲ್ಲ ಹಸಿರಾಯಿತು. ತಣ್ಣೀರಿನದು ಕುಗ್ಗಿ ಕೂತಿತು. ಸ್ವಲ್ಪ ಹೊತ್ತಿಗೆ ಎರಡೂ ಸಮ. ಮತ್ತೂ ಸ್ವಲ್ಪ ಹೊತ್ತಿಗೆ ಬಿಸಿಯದು ಬಡವಾಗಿತ್ತು, ತಣ್ಣನೆಯದು ಇನ್ನೂ ಇತ್ತು. ಕೊನೆಗೆ ತಣ್ಣನೆಯದನ್ನು ಎತ್ತಿ ಬಿಸಿನೀರಿಗೆ ಹಾಕಿದೆ. ಅಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದನ್ನೆಲ್ಲ ಒಮ್ಮೆಲೇ ಬಿಟ್ಟಿತು. ಅಮ್ಮ ಬಾಗಿಲಲ್ಲಿ ನಿಂತು “ಅಯ್ಯೋ, ಇದಕ್ಕೆ ಜೀವ ಬಂತಲ್ಲೋ” ಎಂದರು.

ಬೋನಿನಿಂದ ಎಲೆಕ್ಟ್ರಾನನ್ನು ಬಿಡಿಸುವುದು ಶಾಖ ಎಂದು ಓದಿದ್ದೆ. ಕಣ್ಣೆದುರು ನೋಡಿದ ಮೇಲೆ ಲೆಕ್ಕ ಬದಲಾಯಿತು. ಜನವರಿಯ ಕೆರೆಗೂ ಏಪ್ರಿಲ್ ಕೆರೆಗೂ ಒಂದೇ ಚಾರ್ಜು ಆಗುವುದಿಲ್ಲ. ಸೆಕೆಗಾಲದಲ್ಲಿ ಬೇಗ ಖರ್ಚಾಗುತ್ತದೆ, ಚಳಿಯಲ್ಲಿ ಮಂದವಾಗಿ ಬಹಳ ಹೊತ್ತು ಬಾಳುತ್ತದೆ. ಅಪ್ಪ ಪಕ್ಕದಲ್ಲಿದ್ದವರು, ಇದನ್ನು ಚಾಂಪಿಯನ್ ರೀಫ್ಸ್ ಕೆಳಗೆ ತಗೊಂಡು ಹೋಗಿದ್ದರೆ ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ ಎಂದರು. ಮೂರು ಕಿಲೋಮೀಟರಿಗೂ ಆಳದ ಆ ಕಲ್ಲಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ತಂಪು ಗಾಳಿ ಇಳಿಸದೆ ಮನುಷ್ಯ ಅಲ್ಲಿ ನಿಲ್ಲುವಂತಿರಲಿಲ್ಲ.

ಫೆಬ್ರವರಿ 16, ಭಾನುವಾರ

ನಿನ್ನೆ ಅಪ್ಪನ ಮಾತಿನಲ್ಲಿ ಬಂದ ‘ಸೈಂಟಿಸ್ಟ್‌ಗಳ ಗುಹೆ’ಯ ಬಗ್ಗೆ ಇವತ್ತು ಮಧ್ಯಾಹ್ನವೆಲ್ಲ ಓದಿದೆ. ನನ್ನ ಊರಿನ ಬಗ್ಗೆ ನನಗೆ ಅತಿ ಹೆಮ್ಮೆಯ ವಿಷಯ ಇದು, ಚಿನ್ನಕ್ಕಿಂತ.

ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂನವರ ಜೊತೆ ಸೇರಿ, ಉಪಕರಣ ಇಟ್ಟು ಕಾದರು. ಮುಂದಾಳುಗಳಲ್ಲಿ ಇಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು: ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮಂಗಳೂರಿನ ಎಂ.ಜಿ.ಕೆ. ಮೆನನ್. ಬ್ರಹ್ಮಾಂಡದಿಂದ ಬರುವ ಇತರ ಕಣಗಳನ್ನು ಮೇಲಿನ ಕಲ್ಲು ಬಹುಮಟ್ಟಿಗೆ ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ತಡೆಯಿಲ್ಲದೆ ತೂರಿ ಬರುತ್ತದೆ. ಎಲ್ಲೋ ಅಪರೂಪಕ್ಕೊಂದು ಕಲ್ಲಿನಲ್ಲಿ ಡಿಕ್ಕಿ ಹೊಡೆದರೆ ಅದರಿಂದ ಹುಟ್ಟಿದ ಮ್ಯುವಾನ್ ಪ್ಲಾಸ್ಟಿಕ್ ಸಿಂಟಿಲೇಟರಿನ ಮೂಲಕ ಹಾಯುವಾಗ ಒಂದು ಮಿಂಚು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಅಲ್ಲಿ 1965ರಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಕಾದವರಿಗೂ ಅದೇ ವರ್ಷ.

ಆ ಪ್ಲಾಸ್ಟಿಕ್ಕಿನೊಳಗೆ ಮೊದಲು ಹುಟ್ಟುವುದು ನೇರಳಾತೀತ, ಅದನ್ನು ನೀಲಿಗೆ ಬದಲಾಯಿಸಲು ಇನ್ನೊಂದು ಬೆರಕೆ. ಅಂದರೆ ನನ್ನ ಗಿಣಿಹಸಿರು ಚಮಚದ ಜಾತಿ. ನ್ಯಾನೊಸೆಕೆಂಡುಗಳಲ್ಲಿ ಮುಗಿಯುವ ಬೆಳಕು. ಅಲ್ಲಿ ಬೇಕಾದದ್ದೂ ಅದೇ: ಕಣ ಬಂದ ಗಳಿಗೆ ತಿಳಿಯಬೇಕಾದರೆ ಬೆಳಕು ಕೂಡಲೇ ಸಾಯಬೇಕು. ನನಗೆ ಬೇಕಾದದ್ದು ಬೇಗ ಸಾಯದ್ದು. ಭೌತಶಾಸ್ತ್ರಕ್ಕೆ ಒಂದು ಬೆಳಕು, ಕೊರಮೀನಿಗೆ ಇನ್ನೊಂದು. ಚಮಚವನ್ನು ಕೀಳು ಎಂದು ಬದಿಗಿಡುವುದಕ್ಕೆ ಈಗ ಮನಸ್ಸಿಲ್ಲ, ತೊಳೆದು ಡಬ್ಬಿಯಲ್ಲಿಟ್ಟೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಅಮ್ಮನನ್ನು ಕರೆದುಕೊಂಡು ಹೋದೆ. ಕಾಲಿಡಲಾಗದಷ್ಟು ಜನ. ದೇವಸ್ಥಾನದ ದೀಪ ಬೇತಮಂಗಲದ ದಿಕ್ಕಿನ ಮೋಡಕ್ಕೂ ಬಳಿದಿತ್ತು.

ಫೆಬ್ರವರಿ 28, ಶುಕ್ರವಾರ
ಬೇತಮಂಗಲ, ಆಮೇಲೆ ಮನೆ

ಗಣಿ ಮುಚ್ಚಿ ಇವತ್ತಿಗೆ 24 ವರ್ಷ. 2001ರ ಈ ದಿನ ಅಪ್ಪ ಮನೆಗೆ ಬಂದು ಟೋಪಿ ಮೊಳೆಗೆ ಸಿಕ್ಕಿಸಿದ್ದು ನೆನಪಿದೆ. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಮಣ್ಣಿನಲ್ಲಿ ಉಳಿದ ಚಿನ್ನ ತೆಗೆಯುವ ಮಾತು ಮತ್ತೆ ಪತ್ರಿಕೆಗಳಲ್ಲಿದೆ. ಆಗುವುದಾದರೆ ಆಗಲಿ, ಗಾಳಿಗೆ ಆ ಧೂಳು ಏಳದಂತೆ ಆಗಲಿ. ಅಪ್ಪ ಅದರ ಬಗ್ಗೆ ಏನೂ ಅನ್ನಲಿಲ್ಲ. ಕೆರೆಗೆ ನಾನೂ ಬರುತ್ತೇನೆ ಎಂದರು.

ಚಂದ್ರನಿಲ್ಲದ ರಾತ್ರಿ. ಕಪ್ಪೆಯನ್ನು ಡಬ್ಬಿಯಲ್ಲಿ ತುಂಬಿಸಿ, ಹೊರಗೆ ತೆಗೆದು, ನೀರಿಗೆ ಹಾಕದೆ ಕಲ್ಲಿನ ಮೇಲೆ ಇಟ್ಟೆ. ಅಪ್ಪ ಫ್ಲಾಸ್ಕಿನ ಚಹಾ ಬಗ್ಗಿಸಿದರು. ಹಸಿರು ಇಳಿಯುತ್ತ ಇಳಿಯುತ್ತ, ನೇರ ನೋಡಿದರೆ ಇಲ್ಲ, ಓರೆಗಣ್ಣಿಗೆ ಮಾತ್ರ ಉಂಟು ಎನ್ನುವ ಹಂತಕ್ಕೆ ಬಂತು. ಕತ್ತಲೆಗೆ ಬೇಕಾದ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಆಗ ಬೀಸಿದೆ. ಆಪಿನ ಅಂಚಿಗೆ ಬಿತ್ತು. ರೀಲನ್ನು ಎರಡು ಸುತ್ತು ತಿರುಗಿಸಿ ನಿಲ್ಲಿಸುವುದು, ಮತ್ತೆ ಎರಡು. ನಾನು ಎಷ್ಟು ಹುಡುಕಿದರೂ ನೀರಿನ ಮೇಲೆ ಕಪ್ಪೆ ಕಾಣುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದಂಥ ಸದ್ದಾಯಿತು, ಕೋಲು ಬಾಗಿತು.

ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಕೊರಮೀನು. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಲೋಳೆ, ಬಿಗಿ ಮೈ, ಕೆಳದವಡೆಯ ಸಣ್ಣ ಹಲ್ಲುಗಳು ಹೆಬ್ಬೆರಳಿಗೆ ಒರಟು. ಬಾಯೊಳಗೆ ಕಪ್ಪೆಯ ಹೊಟ್ಟೆ, ಆ ಕಪ್ಪು ಬಾಯಿಯ ಕತ್ತಲೆಯಲ್ಲಿ ಮಾತ್ರ, ಮತ್ತೆ ಹಸಿರಾಗಿ ಕಂಡಿತು. ಮುಳ್ಳು ಸುಲಭವಾಗಿ ಬಂತು. ಅಂಚಿನ ನೀರಿನಲ್ಲಿ ಹಿಡಿದು ನಿಂತೆ. ಒಮ್ಮೆ ಗಾಳಿ ಗುಟುಕರಿಸಿ ಬಾಲ ಬಡಿದು ಹೋಯಿತು.

“ನೋಡಿದ್ರಾ, ನಮ್ಮ ಕಣ್ಣಿಗೆ ಕಾಣದಷ್ಟು ಬೆಳಕು ಸಾಕು ಅದಕ್ಕೆ” ಎಂದೆ. ಅಪ್ಪ ಒಪ್ಪಲಿಲ್ಲ. “ಅದು ನೋಡ್ಲಿಲ್ಲ, ಕೇಳಿಸ್ಕೊಂಡಿತು. ಕಪ್ಪೆ ಕಾಲು ಬಡಿದ ಸದ್ದಿಗೆ ಬಂತು” ಎಂದರು. ಗಣಿಯೊಳಗೆ ಬಂಡೆ ಸಿಡಿಯುವ ಮುನ್ನ ಕಾಣುವುದಿಲ್ಲ, ಕೇಳುತ್ತದೆ. ಕತ್ತಲೆಯಲ್ಲಿ ಬದುಕಿದವರಿಗೆ ಕಿವಿಯೇ ಮೊದಲು ಎಂಬುದು ಅವರ ವಾದ. ತಳ್ಳಿಹಾಕುವಂಥದ್ದಲ್ಲ. ಮೀನಿನ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆ ನೀರಿನ ಸಣ್ಣ ನಡುಕವನ್ನೂ ಹಿಡಿಯುತ್ತದೆ. ದಾರಿಯುದ್ದಕ್ಕೂ ಇದೇ ಚರ್ಚೆ, ಸ್ಕೂಟರಿನ ಹಿಂದೆ ಕೂತು ನನ್ನ ಕಿವಿಗೆ ಕೂಗುತ್ತಲೇ ಇದ್ದರು.

ಮಾರ್ಚ್ 2, ಭಾನುವಾರ
ಉರಿಗಾಂ

ಒಂದು ಮೀನಿನಿಂದ ಈ ವಾದ ಮುಗಿಯುವುದಿಲ್ಲ. ಬೆಳಗ್ಗೆ ತಿಂಡಿ ತಿನ್ನುತ್ತ ಇಬ್ಬರೂ ಒಂದು ಕ್ರಮ ಗೊತ್ತುಮಾಡಿದೆವು. ಇನ್ನು ಮೇಲೆ ಡಬ್ಬಿ ಅಪ್ಪನ ಕೈಯಲ್ಲಿ. ಪ್ರತಿ ಸರದಿಗೂ ಮೊದಲು ನಾಣ್ಯ ಚಿಮ್ಮಿ, ಬಿದ್ದದ್ದರ ಪ್ರಕಾರ ಕಪ್ಪೆಗೆ ಚಾರ್ಜ್ ಕೊಡುವುದೋ ಬಿಡುವುದೋ ಅವರ ಕೆಲಸ. ನಾನು ಬೆನ್ನು ಹಾಕಿ ನಿಲ್ಲಬೇಕು. ಬೆಳಕು ಓರೆಗಣ್ಣಿಗೂ ಸಿಗದಷ್ಟು ಇಳಿದ ಮೇಲೆ ಅವರೇ ಅದನ್ನು ದಾರಕ್ಕೆ ಕಟ್ಟಿ ಕೋಲು ನನ್ನ ಕೈಗೆ ಕೊಡುತ್ತಾರೆ. ಬೀಸುವ ರೀತಿ, ರೀಲಿನ ಸುತ್ತು, ಜಾಗ ಎಲ್ಲ ಒಂದೇ. ಕಚ್ಚಿದ್ದೆಷ್ಟು, ಹಿಂಬಾಲಿಸಿದ್ದೆಷ್ಟು ಎಂದು ನಾನು ಹೇಳುತ್ತ ಹೋಗುವುದು, ಅವರು ಬರೆದುಕೊಳ್ಳುವುದು.

ಶಿಫ್ಟಿನ ಕಾಲದ್ದೊಂದು ಗೆರೆ ಹಾಕಿದ ಪುಸ್ತಕ ಹುಡುಕಿ ತೆಗೆದಿದ್ದಾರೆ. ಎಡಕ್ಕೆ ತಾರೀಖು, ನಡುವೆ ನಾಣ್ಯದ ಗುರುತು, ಬಲಕ್ಕೆ ಮೀನು. ಯುಗಾದಿಯವರೆಗೆ ನನಗೆ ತೋರಿಸುವುದಿಲ್ಲವಂತೆ. ಚಳಿ ಹೋಗಿ ನೀರು ಕಾಯುತ್ತಿದೆ, ಆದ್ದರಿಂದ ನೀರಿನ ಬಿಸಿಗೆ ಇನ್ನೊಂದು ಕಾಲಂ ಹಾಕಿ ಎಂದೆ. ಸ್ಕೇಲು ಕೊಡು ಎಂದರು.